ಕಕ್ಕಡದ ಮಳೆಯಲ್ಲೂ ಮೀಲ್‌ವರ್ಮ್: ನನ್ನ ಅನುಭವ

ಕೊಡಗಿನ ಮಳೆಗಾಲದಲ್ಲಿ, ಅದರಲ್ಲೂ ಜಡಿಮಳೆಯ ಕಕ್ಕಡ ತಿಂಗಳಲ್ಲಿ, ಮೀಲ್‌ವರ್ಮ್ ಉಳಿಯಲ್ಲ, ಬೆಂಗಳೂರಿಂದ ತರಿಸಿಕೊಳ್ಳೋದೇ ವಾಸಿ ಅಂದವರಿಗೆ ಈಗ ಟ್ರೇ ತೆಗೆದು ತೋರಿಸಬಹುದು. ಮೀಲ್‌ವರ್ಮ್ ಅಂದರೆ ಒಂದು ಬಗೆಯ ದುಂಬಿಯ ಮರಿಹುಳ; ನಾನು ಸಾಕುವುದು ನನ್ನ ಗೆಕ್ಕೋಗಳ (ಸಾಕು ಹಲ್ಲಿಗಳ) ಊಟಕ್ಕೆ. ಜೂನ್‌ನಲ್ಲಿ ದುಂಬಿ ಬಿಟ್ಟ ಟ್ರೇಯಿಂದ ಕೈಲ್ ಮುಹೂರ್ತ ಹಬ್ಬದ (ಸೆಪ್ಟೆಂಬರ್ ಮೊದಲ ವಾರ) ಹೊತ್ತಿಗೆ ಮುಕ್ಕಾಲು ಇಂಚಿನ ಹುಳ ಸಿಕ್ಕಿತು, ಒಂದು ಟ್ರೇಗೆ ನಾಲ್ಕೈದು ನೂರು. ಅದಕ್ಕೂ ಮೊದಲು ಎರಡು ಮಳೆಗಾಲ ಪೂರ್ತಿ ಕೈಕೊಟ್ಟಿದ್ದವು.

ಕೈಕೊಟ್ಟದ್ದು ನುಸಿಯಿಂದ. ಡಬ್ಬಿಯ ಅಂಚಿನಲ್ಲಿ ಕಂದು ಬಣ್ಣದ ಧೂಳು ಕೂತಂತೆ ಕಾಣುತ್ತದೆ. ಬೆರಳಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಆ ಧೂಳು ನಡೆಯುತ್ತಿರುತ್ತದೆ. ಅಷ್ಟು ಕಂಡ ಮೇಲೆ ಆ ಡಬ್ಬಿ ಹೋಯಿತು ಅಂತಲೇ ಲೆಕ್ಕ. ನುಸಿ ಬರುವುದು ಹೆಚ್ಚಾಗಿ ಹುಳಕ್ಕೆ ಹಾಸಿಗೆಯೂ ಊಟವೂ ಆದ ಗೋಧಿ ಬೂಸಾ ಜೊತೆಗೇ, ಬೆಳೆಯುವುದು ತೇವದಲ್ಲಿ. ಬೂಷ್ಟೂ ಹಾಗೆಯೇ. ನಾನು ಮೊದಲು ಮಾಡಿದ್ದು ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಿದ್ದು. ಹೊರಗಿನ ತೇವ ತಡೆದೆ ಅಂದುಕೊಂಡರೆ ಹುಳದ ಉಸಿರು ಮತ್ತು ನೀರಿಗೆಂದು ಹಾಕಿದ ಕ್ಯಾರೆಟ್‌ನ ನೀರು ಒಳಗೇ ನಿಂತು ಬೂಸಾ ಮುದ್ದೆಯಾಯಿತು, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬೇರೆ.

ದಾರಿ ಸಿಕ್ಕಿದ್ದು ಒಂದು ಲೆಕ್ಕದಿಂದ. ಹೊರಗೆ 20 ಡಿಗ್ರಿಯಲ್ಲಿ 95% ತೇವಾಂಶ ಇರುವ ಗಾಳಿಯನ್ನು 28 ಡಿಗ್ರಿಗೆ ಕಾಯಿಸಿದರೆ ಅದೇ ಗಾಳಿಯ ತೇವಾಂಶ 60%ರ ಆಸುಪಾಸಿಗೆ ಇಳಿಯುತ್ತದೆ. ಹುಳಕ್ಕೆ ಬೇಕಾದ್ದು ಅಷ್ಟೇ, ನುಸಿಗೆ ಅದು ಸಾಲದು. ಆದರೆ ಕಾದ ಗಾಳಿ ಮೇಲಿಂದ ಹೊರಗೆ ಹೋಗಲೇಬೇಕು, ಕೆಳಗಿಂದ ಹೊಸದು ಬರಬೇಕು. ಎಲ್ಲರೂ ಎಡವುವುದು ಇಲ್ಲೇ: ಬಿಸಿ ಉಳಿಸೋಕೆ ಸಂದಿಗೊಂದಿ ಎಲ್ಲ ಮುಚ್ಚಿಬಿಡುತ್ತಾರೆ.

ನನ್ನದು ಹಳೆ ಮರದ ಬೀರು. ತಳದಲ್ಲಿ ಎರಡು, ನೆತ್ತಿಯಲ್ಲಿ ಎರಡು ತೂತು, ಒಂದೊಂದೂ ಒಂದಿಂಚು, ಎಲ್ಲಕ್ಕೂ ಸ್ಟೀಲ್ ಜಾಲರಿ (ಇಲ್ಲದಿದ್ದರೆ ಮನೆಯ ಹಲ್ಲಿಗಳಿಗೆ ಬಿಟ್ಟಿ ಊಟ). ಕೆಳಗೆ ಪಿಂಗಾಣಿ ಹೋಲ್ಡರ್‌ನಲ್ಲಿ 60 ವ್ಯಾಟ್‌ನ ಹಳೆ ಫಿಲಮೆಂಟ್ ಬಲ್ಬು. ಅದರ ಮೇಲೆ ಇಟ್ಟಿಗೆ ಚೂರುಗಳ ಆಸರೆಯಲ್ಲಿ ಮಣ್ಣಿನ ಕುಂಡ ಬೋರಲು. ಬೆಳಕು ಮರೆಯಾಗುತ್ತದೆ, ಶಾಖ ನಿಧಾನಕ್ಕೆ ಹರಡುತ್ತದೆ. ಎಲ್‌ಇಡಿ ಬಲ್ಬು ಇದಕ್ಕೆ ಪ್ರಯೋಜನವಿಲ್ಲ. ಥರ್ಮೋಸ್ಟಾಟ್ ಬಲ್ಬನ್ನು 27 ಡಿಗ್ರಿಗೆ ಹಚ್ಚಿ 29ಕ್ಕೆ ಆರಿಸುತ್ತದೆ. ಅದರ ಸೆನ್ಸರ್ ವೈರನ್ನು ನಡುವಿನ ಟ್ರೇ ಮಟ್ಟದಲ್ಲಿ ತಂತಿ ಹಾಕಿ ಬಿಗಿಯಿರಿ. ನನ್ನದು ಒಮ್ಮೆ ಜಾರಿ ಗಾಳಿ ತೂತಿನ ಹತ್ತಿರ ತಣ್ಣಗೆ ಬಿದ್ದಿತ್ತು. ಬಲ್ಬು ರಾತ್ರಿಯಿಡೀ ಉರಿದು ಬಲ್ಬಿಗೆ ಹತ್ತಿರದ ಟ್ರೇಯ ಪ್ಯೂಪಾ (ಹುಳ ದುಂಬಿಯಾಗುವ ಮುಂಚಿನ ಕೋಶ) ಅಷ್ಟೂ ಕಪ್ಪಾದವು.

ಬೀರುವಿಗೂ ಮೊದಲು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಾಡಿ ನೋಡಿದ್ದೆ. ತಪ್ಪಿಸಿಕೊಂಡ ಹುಳಗಳು ಗೋಡೆಯನ್ನೇ ಕೊರೆದು ಒಳಗೆ ಸೇರಿಕೊಂಡವು. ಈ ಹುಳ ಥರ್ಮೋಕೋಲ್ ತಿಂದು ಅರಗಿಸುತ್ತದೆ ಅಂತ 2015ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರಂತೆ. ನನಗೆ ತಡವಾಗಿ ಗೊತ್ತಾಯಿತು. ಅಂಥ ಹುಳವನ್ನು ಗೆಕ್ಕೋಗೆ ಹಾಕಬೇಡಿ.

ಗೋಧಿ ಬೂಸಾವನ್ನು ಮಾರ್ಚ್‌ನಲ್ಲೇ ವರ್ಷಕ್ಕಾಗುವಷ್ಟು ತಂದು, ಕಾಫಿ ಎತ್ತಿದ ಮೇಲೆ ಖಾಲಿ ಬಿದ್ದ ಕಣದಲ್ಲಿ ತೆಳ್ಳಗೆ ಹರಡಿ ಎರಡು ದಿನ ಸುಡು ಬಿಸಿಲು ಕಾಯಿಸಿ ಡ್ರಮ್ಮಿಗೆ ತುಂಬುತ್ತೇನೆ. ಮಳೆಗಾಲದಲ್ಲಿ ತಂದರೆ ಬಾಣಲೆಯಲ್ಲಿ ಕೈ ಸುಡುವಷ್ಟು ಹುರಿದು, ಪೂರ್ತಿ ಆರಿಸಿಯೇ ಹಾಕಬೇಕು. ಅಕ್ಕಿ ತೌಡು ಅಗ್ಗ ಅಂತ ಆಸೆಪಟ್ಟೆ. ಎಣ್ಣೆ ಅಂಶಕ್ಕೆ ಬೇಗ ಕಮಟು ಹತ್ತುತ್ತದೆ. ಕಾಫಿ ಹೊಟ್ಟು ಕಾಲು ಭಾಗ ಬೆರೆಸಿದ್ದೂ ಆಯಿತು, ಹುಳ ಅದನ್ನು ಬಿಟ್ಟು ಸುತ್ತಲಿನ ಬೂಸಾ ಮಾತ್ರ ತಿಂದವು. ಬೂಸಾಗೆ ಇನ್ನೊಂದು ಪುಡಿ ಸೇರಿಸುತ್ತೇನೆ, ಮೊಟ್ಟೆ ಹೆಚ್ಚು ಬೀಳುತ್ತದೆ. ಅದು ಸದ್ಯ ನನ್ನಲ್ಲೇ ಇರಲಿ.

ದುಂಬಿಗಳನ್ನು ಹತ್ತು ದಿನಕ್ಕೊಮ್ಮೆ ಹೊಸ ಟ್ರೇಗೆ ದಾಟಿಸಬೇಕು, ಇಲ್ಲದಿದ್ದರೆ ತಮ್ಮ ಮೊಟ್ಟೆ ತಾವೇ ತಿನ್ನುತ್ತವೆ. ಕೋಳಿಮೊಟ್ಟೆ ಇಡುವ ರಟ್ಟಿನ ಟ್ರೇಯ ತುಂಡು ಬೋರಲು ಇಟ್ಟರೆ ರಾತ್ರಿ ಕಳೆಯುವುದರಲ್ಲಿ ಅದರಡಿ ಜೋತುಬಿದ್ದಿರುತ್ತವೆ, ಎತ್ತಿ ಕೊಡವಿದರೆ ಆಯಿತು. ಹಳೆ ಟ್ರೇಗೆ ತಾರೀಕು ಬರೆದು ಮುಟ್ಟದೆ ಬಿಡಿ. ಮೂರು ವಾರ ಏನೂ ಕಾಣದು. ನಾನು ಖಾಲಿ ಅಂದುಕೊಂಡು ಮೊದಲ ಟ್ರೇಯನ್ನು ಗೊಬ್ಬರದ ಗುಂಡಿಗೆ ಸುರಿದಿದ್ದೆ. ಬೂಸಾವನ್ನು ಒಂದು ಕಡೆ ದಿಬ್ಬ ಮಾಡಿ ಹತ್ತು ನಿಮಿಷ ನೋಡುತ್ತ ಕೂರಿ; ದಿಬ್ಬದ ಮೈ ತಾನಾಗಿ ಸಣ್ಣಗೆ ಜರಿದರೆ ಮರಿ ಇದೆ. ಪ್ಯೂಪಾ ಕಂಡ ಕೂಡಲೇ ಬೇರೆ ಮಾಡಬೇಕು, ಅದನ್ನು ದುಂಬಿಯೂ ಹುಳವೂ ಕಚ್ಚುತ್ತವೆ.

ನೀರಿಗೆ ಕ್ಯಾರೆಟ್, ಎರಡು ದಿನಕ್ಕೊಮ್ಮೆ ಬೆರಳುದ್ದದ ಎರಡು ಸೀಳು, ಉಳಿದದ್ದು ಮರುದಿನ ಹೊರಗೆ. ಸೀಮೆ ಬದನೆ ಹಿತ್ತಲಲ್ಲೇ ಇದ್ದರೂ ಬೂಸಾ ಒದ್ದೆ ಮಾಡುತ್ತದೆ, ಬೇಸಿಗೆಗೆ ಮಾತ್ರ ಸರಿ. ಕರೆಂಟ್ ಹೋದರೆ ಮೊದಲು ತರಕಾರಿ ತೆಗೆಯಿರಿ. ಚಳಿಗೆ ಹುಳ ಸಾಯದು, ಬೆಳೆಯುವುದು ನಿಲ್ಲಿಸುತ್ತದೆ ಅಷ್ಟೇ, ಕೊಲ್ಲುವುದು ತೇವ. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಗೋಣಿ ಸುತ್ತಿ ಬೆಳಿಗ್ಗೆ ಸಂಜೆ ಬದಲಿಸುತ್ತ ಮೂರು ದಿನ ತಳ್ಳಿದ್ದೇನೆ.

ಖರ್ಚು ನೆನಪಿದ್ದಷ್ಟು: ಅಡಾಪ್ಟರ್ ಸಹಿತ ಥರ್ಮೋಸ್ಟಾಟ್ 350, ತೇವಾಂಶ ಮಾಪಕ 200, ನಾಲ್ಕು ಟ್ರೇ 400, ಬಲ್ಬು ಹೋಲ್ಡರ್ 100, ಬೂಸಾ 150, ಮೊದಲ 200 ಹುಳ ಕೊರಿಯರ್ ಸೇರಿ 400. ಒಟ್ಟು 1,600 ರೂಪಾಯಿ. ಎರಡು ಲೆಪರ್ಡ್ ಗೆಕ್ಕೋಗಳಿಗೆ ತಿಂಗಳಿಗೆ 500ರ ಹುಳ ಕೊಳ್ಳುತ್ತಿದ್ದೆ. ಈಗ ಮಳೆಗಾಲದಲ್ಲಿ ತಿಂಗಳಿಗೆ 25–30 ಯೂನಿಟ್ ಕರೆಂಟು, ಬೇಸಿಗೆಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಹಾಕಿದ್ದು ಐದಾರು ತಿಂಗಳಲ್ಲಿ ಹುಟ್ಟಿತು, ಮೊದಲ ಎರಡು ಮಳೆಗಾಲದ ನಷ್ಟ ಲೆಕ್ಕಕ್ಕೆ ಹಿಡಿಯದಿದ್ದರೆ. ಜರಡಿ ಹಿಡಿದ ಹಿಕ್ಕೆ ಆಂಥೂರಿಯಂ ಕುಂಡಗಳಿಗೆ ಹೋಗುತ್ತದೆ.

ತಿನ್ನಿಸುವ ಮುಂಚೆ ಎರಡು ದಿನ ನುಗ್ಗೆಸೊಪ್ಪು, ಕ್ಯಾರೆಟ್ ಕೊಟ್ಟು, ಹಾಕುವಾಗ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುವುದು ಬಿಡಬೇಡಿ. ಈ ಹುಳದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ಹೆಚ್ಚಾದ ದೊಡ್ಡ ಹುಳಗಳನ್ನು ಒಣ ಬೂಸಾ ಸಮೇತ ಫ್ರಿಜ್ ಬಾಗಿಲಲ್ಲಿ 8–10 ಡಿಗ್ರಿಯಲ್ಲಿಟ್ಟು, ವಾರಕ್ಕೊಂದು ದಿನ ಹೊರಗೆ ತೆಗೆದು ಕ್ಯಾರೆಟ್ ಕೊಟ್ಟರೆ ಒಂದೆರಡು ತಿಂಗಳು ಪ್ಯೂಪಾ ಆಗದೆ ಇರುತ್ತವೆ. ಡಬ್ಬಿ ಮೇಲೆ ‘ಹುಳ’ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ನಮ್ಮನೆಯಲ್ಲಿ ಅದನ್ನು ರವೆ ಡಬ್ಬಿ ಅಂತ ಒಲೆ ತನಕ ಒಯ್ದಿದ್ದರು.