ಹೈಲಕ್ಸ್, ವಿ-ಕ್ರಾಸ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಮೊದಲು ಬಿಸಿ ಇಳಿಸಿ, ಆಮೇಲೆ ಪವರ್ ಏರಿಸಿ

ಬೆಂಗಳೂರಲ್ಲಿ ಆಟೊಮ್ಯಾಟಿಕ್ ಪಿಕಪ್ ಅಂದರೆ ಹೆಚ್ಚಾಗಿ ಎರಡೇ: ಟೊಯೋಟಾ ಹೈಲಕ್ಸ್ 2.8, ಇಸುಜು ವಿ-ಕ್ರಾಸ್ 1.9. ಎರಡಕ್ಕೂ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್, ಅಂದರೆ ಎಂಜಿನ್ ಶಕ್ತಿ ಎಣ್ಣೆಯ ಮೂಲಕ ಗೇರಿಗೆ ಹೋಗುವ ಬಗೆ. ಮಾಲೀಕರು ಮೊದಲು ಕೇಳುವುದು ರೀಮ್ಯಾಪ್, ಅಂದರೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದರ ಬಗ್ಗೆ. ನಾನು ಮೊದಲು ಕೇಳುವುದು ಎಟಿಎಫ್ (ಗೇರ್‌ಬಾಕ್ಸ್ ಎಣ್ಣೆ) ಎಷ್ಟು ಡಿಗ್ರಿಗೆ ಹೋಗುತ್ತಿದೆ ಅಂತ.

ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದವರೆಗೆ ರಿಂಗ್ ರೋಡಲ್ಲಿ ತೆವಳುವಾಗ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಹಿಡಿಯುವುದೇ ಇಲ್ಲ. ಎಂಜಿನ್ ಶಕ್ತಿಯ ಒಂದು ಪಾಲು ಕನ್ವರ್ಟರ್ ಒಳಗೆ ಎಣ್ಣೆ ಕಡೆದು ಬಿಸಿಯಾಗಿ ಹೋಗುತ್ತದೆ, ಮುಂದಿನಿಂದ ಗಾಳಿಯೂ ಬರುವುದಿಲ್ಲ. 80ರಿಂದ 95 ಡಿಗ್ರಿ ಸಹಜ. 120 ದಾಟಿ ಹೊತ್ತು ಹೊತ್ತು ನಿಂತರೆ ಎಣ್ಣೆ ಕಪ್ಪಾಗುತ್ತದೆ, ರಬ್ಬರ್ ಸೀಲ್ ಗಟ್ಟಿಯಾಗುತ್ತದೆ, ಎಣ್ಣೆಯನ್ನು ಕ್ಲಚ್‌ಗಳಿಗೆ ಹಂಚುವ ವಾಲ್ವ್ ಬಾಡಿಯಲ್ಲಿ ಅಂಟು ಕೂರುತ್ತದೆ. ಜರ್ಕ್, ತಡವಾಗಿ ಗೇರ್ ಬೀಳುವುದು, ಸ್ಲಿಪ್ ಎಲ್ಲ ಅದರ ಹಿಂದೆಯೇ ಬರುತ್ತವೆ.

ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಮೊದಲು ಕರೆಂಟ್ ನೋಡಿ. ಬ್ಯಾಟರಿ ಸುಮ್ಮನಿದ್ದಾಗ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ, ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ, ಒಳ್ಳೆಯ ಸೋಲೆನಾಯ್ಡ್ (ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್) ಕೂಡ ಹುಚ್ಚುಹುಚ್ಚಾಗಿ ಆಡುತ್ತದೆ. ಆಮೇಲೆ ಗೇರ್‌ಬಾಕ್ಸ್ ಮೈಗೆ ವೈರಿಂಗ್ ಸೇರುವ ಕೇಸ್ ಕನೆಕ್ಟರ್ ಬಿಚ್ಚಿ ಪಿನ್‌ಗಳಲ್ಲಿ ಎಣ್ಣೆ, ನೀರು ಇದೆಯೇ ನೋಡಿ, ಅಲ್ಲಿಂದಲೇ ರೆಸಿಸ್ಟೆನ್ಸ್ ಅಳೆಯಿರಿ. ಟೊಯೋಟಾದಲ್ಲಿ ತಣ್ಣಗಿರುವಾಗ ಆನ್-ಆಫ್ ಶಿಫ್ಟ್ ಸೋಲೆನಾಯ್ಡ್ 11ರಿಂದ 15 ಓಮ್, ಪ್ರೆಶರ್ ನಿಯಂತ್ರಿಸುವ ಲೀನಿಯರ್ ಸೋಲೆನಾಯ್ಡ್ 5ರಿಂದ 6 ಓಮ್ ಆಸುಪಾಸು ತೋರಿಸಬೇಕು.

ಸ್ಲಿಪ್ ಎಲ್ಲಿದೆ ಅಂತ ಹಿಡಿಯುವುದಕ್ಕೆ ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಒಂದೇ ಸಾಲದು. ಪಿ0741 ಬಂದರೆ ಲಾಕಪ್ ಕಡೆ, ಪಿ0730 ಬಂದರೆ ಗೇರ್ ಅನುಪಾತದ ಕಡೆ ಕೈ ತೋರಿಸುತ್ತದೆ, ಅಷ್ಟೇ. ನಾನು ನಂಬುವುದು ಲೈವ್ ಡೇಟಾ, ಅಂದರೆ ಗಾಡಿ ಓಡುವಾಗಲೇ ಕಾಣುವ ಸಂಖ್ಯೆಗಳು. ಹೈಲಕ್ಸ್‌ನಲ್ಲಿ 4ನೇ ಗೇರ್ ನೇರ, 1ಕ್ಕೆ 1: ಇನ್‌ಪುಟ್ ಎಷ್ಟು ಸುತ್ತುತ್ತದೋ ಔಟ್‌ಪುಟ್ ಅಷ್ಟೇ. ನೈಸ್ ರಸ್ತೆಯಂಥ ಖಾಲಿ ರಸ್ತೆಯಲ್ಲಿ ಎಸ್ ಮೋಡ್‌ಗೆ (ಗೇರ್ ಮಿತಿಯನ್ನು ನಾವೇ ಆರಿಸುವ ಸ್ಥಾನ) ಹಾಕಿ 4ರಲ್ಲಿ ನಿಲ್ಲಿಸಿ, 60ರ ವೇಗದಲ್ಲಿ ಒಂದೇ ಸಮ ಓಡಿಸಿ. ಪಕ್ಕದಲ್ಲಿ ಕೂತವರು ಸ್ಕ್ಯಾನರ್‌ನಲ್ಲಿ ಮೂರು ಸಂಖ್ಯೆ ನೋಡಲಿ: ಎಂಜಿನ್ ಆರ್‌ಪಿಎಂ, ಟರ್ಬೈನ್ ಅಂದರೆ ಇನ್‌ಪುಟ್ ಆರ್‌ಪಿಎಂ, ಔಟ್‌ಪುಟ್ ಶಾಫ್ಟ್ ಆರ್‌ಪಿಎಂ. ಇನ್‌ಪುಟ್, ಔಟ್‌ಪುಟ್ ಒಂದೇ ಆಗಿದ್ದರೆ ಆ ಗೇರಿನ ಕ್ಲಚ್ ಹಿಡಿದಿದೆ. ಆಕ್ಸಿಲರೇಟರ್ ಒತ್ತಿದಾಗ ಇನ್‌ಪುಟ್ ಮಾತ್ರ ಮೇಲೆ ಹಾರಿದರೆ ಕ್ಲಚ್ ಜಾರುತ್ತಿದೆ, ಕ್ಲಚ್ ಪ್ಯಾಕ್ ಬಿಚ್ಚಲೇಬೇಕು. ಎಂಜಿನ್‌ಗೂ ಇನ್‌ಪುಟ್‌ಗೂ ವ್ಯತ್ಯಾಸ ಇದ್ದು ಇನ್‌ಪುಟ್, ಔಟ್‌ಪುಟ್ ಸಮ ಇದ್ದರೆ ತಕರಾರು ಕನ್ವರ್ಟರ್‌ನಲ್ಲಿ, ಇಲ್ಲವೇ ಲಾಕಪ್ ಸೋಲೆನಾಯ್ಡ್‌ನಲ್ಲಿ. ಲಾಕಪ್ ಆನ್ ಅಂತ ತೋರಿಸುತ್ತಿರುವಾಗ ಮಾತ್ರ ಈ ಕೊನೆಯ ಲೆಕ್ಕ ಹಿಡಿಯಿರಿ. ಇಷ್ಟು ಮಾಡದೆ ಇಡೀ ಬಾಕ್ಸ್ ಓವರ್‌ಹಾಲ್ ಅಂದವರ ಮಾತಿಗೆ ಒಪ್ಪಬೇಡಿ.

60–70ರಲ್ಲಿ ಕಾಲು ಹಗುರ ಇಟ್ಟಾಗ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ನಡುಗಿದರೆ, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿ. ಆಗ ಲಾಕಪ್ ಬಿಡುತ್ತದೆ. ನಡುಕ ತಕ್ಷಣ ನಿಂತರೆ ಲಾಕಪ್ ಶಡರ್, ನಿಲ್ಲದಿದ್ದರೆ ಇಂಜೆಕ್ಟರ್, ಮೌಂಟ್, ಪ್ರೊಪೆಲ್ಲರ್ ಶಾಫ್ಟ್ ಕಡೆ ಹುಡುಕಿ. ಶುರುವಿನ ಶಡರ್ ಎಷ್ಟೋ ಸಲ ಎಣ್ಣೆ ಬದಲಿಸಿದರೇ ಹೋಗುತ್ತದೆ.

ಎಣ್ಣೆ ಬದಲಿಸುವುದರಲ್ಲೇ ಹೆಚ್ಚು ಕೆಲಸ ಕೆಡುವುದು. ಡಿಪ್‌ಸ್ಟಿಕ್ ಇಲ್ಲದ ಬಾಕ್ಸ್‌ನಲ್ಲಿ ಲೆವೆಲ್ ನೋಡುವುದು ಓವರ್‌ಫ್ಲೋ ಪ್ಲಗ್‌ನಿಂದ. ಗಾಡಿಯನ್ನು ನಾಲ್ಕೂ ಸ್ಟ್ಯಾಂಡ್ ಮೇಲೆ ಸಮತಟ್ಟಾಗಿ ನಿಲ್ಲಿಸಿ. ಡ್ರೈನ್ ಮುಟ್ಟುವ ಮುಂಚೆ ಫಿಲ್ ಪ್ಲಗ್ ಬಿಚ್ಚಿ: ಅದು ಜಾಮ್ ಆಗಿದ್ದರೆ, ಎಣ್ಣೆ ಸುರಿಸಿದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ. ಇಳಿದದ್ದನ್ನು ಅಳತೆ ಡಬ್ಬಕ್ಕೆ ಹಿಡಿದು ಅಷ್ಟೇ ಹಾಕಿ. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು ಪಿಯಿಂದ ಡಿವರೆಗೆ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ವಾಪಸ್ ಬನ್ನಿ. ಸ್ಕ್ಯಾನರ್‌ನಲ್ಲಿ ಎಟಿಎಫ್ 40 ಡಿಗ್ರಿ ಹತ್ತಿರ ಬಂದಾಗ ಎಂಜಿನ್ ಓಡುತ್ತಿರುವಂತೆಯೇ ಓವರ್‌ಫ್ಲೋ ಪ್ಲಗ್ ತೆಗೆಯಿರಿ. ಧಾರೆ ಸಣ್ಣಗಾಗಿ ಹನಿಹನಿಯಾದಾಗ ಮುಚ್ಚಿ. ಓಡಿಸಿ ಬಂದ ಬಿಸಿ ಗಾಡಿಯಲ್ಲಿ ಇದನ್ನು ಮಾಡಿದರೆ ಹಿಗ್ಗಿದ ಎಣ್ಣೆ ಹೊರಗೆ ಹೋಗಿ ಲೆವೆಲ್ ಕಡಿಮೆಯಾಗುತ್ತದೆ, ಮಾರನೇ ದಿನ ಗೇರ್ ತಡವಾಗಿ ಬೀಳುತ್ತದೆ. ಅದಕ್ಕೇ ಈ ಕೆಲಸ ಬೆಳಗ್ಗೆ, ರಾತ್ರಿಯೆಲ್ಲ ನಿಂತ ಗಾಡಿಗೆ.

ಒಂದು ಡ್ರೈನ್‌ಗೆ ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ ಇಳಿಯುತ್ತದೆ, ಉಳಿದದ್ದು ಕನ್ವರ್ಟರ್‌ನಲ್ಲೂ ಕೂಲರ್‌ನಲ್ಲೂ ಇರುತ್ತದೆ. ಹಾಗಾಗಿ ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿ ಮೂರು ಸಲ ಬದಲಿಸಿದರೆ 70% ಹೊಸದಾಗುತ್ತದೆ. ಹಳೆ ಬಾಕ್ಸ್‌ಗೆ ಪ್ರೆಶರ್ ಫ್ಲಶ್ ಬೇಡ, ಕೂತಿರುವ ಕಸ ಎದ್ದು ವಾಲ್ವ್‌ಗಳಿಗೆ ಸಿಕ್ಕಿಕೊಳ್ಳುತ್ತದೆ. ಹೈಲಕ್ಸ್‌ಗೆ ಟೊಯೋಟಾ ಡಬ್ಲ್ಯೂಎಸ್, ಇಸುಜುಗೆ ಮ್ಯಾನುಯಲ್ ಹೇಳಿದ್ದು. ಪ್ಯಾನ್ ಬಿಚ್ಚಿದಾಗ ಮ್ಯಾಗ್ನೆಟ್ ಮೇಲೆ ಬೆರಳಾಡಿಸಿ. ನುಣ್ಣನೆಯ ಬೂದು ಪೇಸ್ಟ್ ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರು ಬಂದರೆ ಬೇರಿಂಗೋ ಗೇರೋ ಹೋಗಿದೆ. ಸುಟ್ಟ ವಾಸನೆಯ ಜೊತೆ ಕಪ್ಪು ಪುಡಿ ಬಂದರೆ ಕ್ಲಚ್ ಲೈನಿಂಗ್. ಮಂಕು ಗುಲಾಬಿ ಬಣ್ಣ ಬಂದರೆ ನೀರು ಸೇರಿದೆ: ಒಂದೋ ಕೂಲರ್ ಒಳಗೆ ಸೋರಿಕೆ, ಇಲ್ಲವೇ ಮಳೆಗಾಲದ ಅಂಡರ್‌ಪಾಸ್. ಬಿಸಿ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಇಟ್ಟ ಬ್ರೀದರ್‌ನಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ ಪೈಪನ್ನು ಎಂಜಿನ್ ಬೇಯ ಮೇಲ್ಭಾಗಕ್ಕೆ ಉದ್ದ ಮಾಡಿಸುವುದು ಅತಿ ಕಡಿಮೆ ಖರ್ಚಿನ ಅಪ್‌ಗ್ರೇಡ್.

ದೊಡ್ಡ ಅಪ್‌ಗ್ರೇಡ್‌ಗಳಲ್ಲಿ ಮೊದಲನೆಯದು ಕೂಲರ್. ಸ್ಟ್ಯಾಕ್ಡ್ ಪ್ಲೇಟ್ ಮಾದರಿಯದನ್ನು ಕಂಪನಿ ಕೂಲರ್ ಆದ ಮೇಲೆ, ವಾಪಸ್ ಲೈನ್‌ನಲ್ಲಿ ಸೇರಿಸಿ. ಎಸಿ ಕಂಡೆನ್ಸರ್‌ಗೆ ತಾಗದಂತೆ ಒಂದೆರಡು ಸೆಂಟಿಮೀಟರ್ ಬಿಟ್ಟು ರಬ್ಬರ್ ಬುಷ್ ಮೇಲೆ ಕೂರಿಸಿ. ಎಟಿಎಫ್‌ಗೆ ಅಂತಲೇ ಮಾಡಿದ ಹೋಸ್ ಬೇಕು, ಡೀಸೆಲ್ ಪೈಪ್ ಹಾಕಿದರೆ ಬಿಸಿಗೆ ಬಿರುಕು ಬಿಡುತ್ತದೆ. ನಮ್ಮ ಟ್ರಾಫಿಕ್‌ಗೆ ಥರ್ಮೋ ಸ್ವಿಚ್ ಇರುವ ಎಲೆಕ್ಟ್ರಿಕ್ ಫ್ಯಾನ್ ಇಲ್ಲದಿದ್ದರೆ ಈ ಖರ್ಚಿನ ಅರ್ಧ ಲಾಭವೂ ಸಿಗದು. ಎಣ್ಣೆ ತಣ್ಣಗಿರುವಾಗ ಅದನ್ನು ಕೂಲರ್‌ಗೆ ಬಿಡದೆ ತಿರುಗಿಸುವ ಥರ್ಮೋಸ್ಟ್ಯಾಟ್ ಬೈಪಾಸನ್ನೂ ಹಾಕಿಸದೆ ಬಿಡಬೇಡಿ. ಜನವರಿ ಬೆಳಗ್ಗೆ ಎಣ್ಣೆ ಬಿಸಿಯೇ ಆಗದಿದ್ದರೆ ಲಾಕಪ್ ತಡವಾಗುತ್ತದೆ.

ಈಗ ರೀಮ್ಯಾಪ್. ಹೈಲಕ್ಸ್ ಮ್ಯಾನುಯಲ್‌ಗೆ 420 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಆಟೊಮ್ಯಾಟಿಕ್‌ಗೆ ಕಂಪನಿಯೇ 500 ಕೊಟ್ಟಿದೆ. ಅದರ ಮೇಲೆ ಏರಿಸುವಾಗ ಅಪಾಯ ಟಾರ್ಕ್‌ಗಿಂತ ಲೆಕ್ಕದಲ್ಲಿದೆ. ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೇಳಿದ ಟಾರ್ಕ್ ನೋಡಿಕೊಂಡು ಗೇರ್‌ಬಾಕ್ಸ್ ಕಂಟ್ರೋಲರ್ ಲೈನ್ ಪ್ರೆಶರ್, ಅಂದರೆ ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಎಣ್ಣೆಯ ಒತ್ತಡ, ಇಡುತ್ತದೆ. ಟ್ಯೂನರ್ ಡೀಸೆಲ್ ಏರಿಸಿ ಟಾರ್ಕ್ ಟೇಬಲ್ ಹಾಗೇ ಬಿಟ್ಟರೆ, ನಿಜದಲ್ಲಿ 580 ಬರುತ್ತಿರುವಾಗ ಬಾಕ್ಸ್ 500ಕ್ಕೆ ಬೇಕಾದಷ್ಟೇ ಒತ್ತಿ ಹಿಡಿಯುತ್ತದೆ. ಪ್ರತಿ ಶಿಫ್ಟ್‌ನಲ್ಲೂ ಕ್ಲಚ್ ಸ್ವಲ್ಪ ಸ್ವಲ್ಪ ಉಜ್ಜಿಕೊಂಡು ಹೋಗುತ್ತದೆ. ಟಾರ್ಕ್ ಟೇಬಲ್ ಸರಿಮಾಡುತ್ತೀರಾ, ಗೇರ್‌ಬಾಕ್ಸ್ ಫೈಲೂ ಬರೆಯುತ್ತೀರಾ ಅಂತ ಕೇಳಿ. ಸಾಫ್ಟ್‌ವೇರ್ ಮುಟ್ಟದೆ ವೈರಿಂಗ್‌ಗೆ ಬರೀ ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿ ಕಳಿಸುವವರ ಹತ್ತಿರ ಆಟೊಮ್ಯಾಟಿಕ್ ಗಾಡಿ ಒಯ್ಯಬೇಡಿ. ವಾರಂಟಿ ಉಳಿದಿದ್ದರೆ ಕಾಯಿರಿ.

ಟೈರ್ ಕೂಡ ಗೇರ್‌ಬಾಕ್ಸ್ ವಿಷಯವೇ. 265/60 ಆರ್18 ತೆಗೆದು 285/70 ಆರ್17 ಹಾಕಿದರೆ ವ್ಯಾಸ ಸುಮಾರು 7% ಹೆಚ್ಚುತ್ತದೆ, ಎಲ್ಲ ಗೇರೂ ಅಷ್ಟೇ ಉದ್ದವಾಗುತ್ತದೆ. 70ರಲ್ಲಿ ಬಾಕ್ಸ್ 5ಕ್ಕೂ 6ಕ್ಕೂ ನಡುವೆ ತಡಕಾಡುತ್ತದೆ, ಲಾಕಪ್ ಹಿಡಿದು ಬಿಟ್ಟು ಮಾಡುತ್ತದೆ. ಅಂಥ ಗಾಡಿಯಲ್ಲಿ ಶಿರಾಡಿ ಹತ್ತುವಾಗ ಡಿಯಲ್ಲಿ ಬಿಡದೆ ಎಸ್ ಮೋಡ್‌ನಲ್ಲಿ 3 ಅಥವಾ 4ಕ್ಕೆ ಕಟ್ಟಿಹಾಕಿ, ಸ್ಕ್ಯಾನರ್‌ನಲ್ಲಿ 110 ಡಿಗ್ರಿ ಕಂಡರೆ ಪಕ್ಕಕ್ಕೆ ನಿಲ್ಲಿಸಿ ಪಿಗೆ ಹಾಕಿ ಎಂಜಿನ್ ಐಡಲ್‌ನಲ್ಲಿ ಓಡಲು ಬಿಡಿ. ತಕ್ಷಣ ಆಫ್ ಮಾಡಿದರೆ ಪಂಪ್ ನಿಂತು, ಬಿಸಿ ಎಣ್ಣೆ ಕೂಲರ್‌ಗೆ ಹೋಗುವುದೇ ನಿಲ್ಲುತ್ತದೆ.