ಮಾಸ್ಟ್ರ ನೆನಪಿನ ಪುಸ್ತಿಕೆ ತರುವಾಗ

ತೀರಿಕೊಂಡ ಶಾಲಾ ಮಾಸ್ಟ್ರ ನೆನಪಿಗೆ ಪುಸ್ತಿಕೆ ತರುವುದಾದರೆ, ಉತ್ತರಕ್ರಿಯೆ ಮುಗಿದ ಕೂಡಲೇ ಅವರ ಕಪಾಟು ತೆರೆಯಿರಿ. ನಮ್ಮ ಉಡುಪಿ, ಮಂಗಳೂರಿನ ಮಳೆಗಾಲ ಕಾಗದವನ್ನು ಉಳಿಸುವುದಿಲ್ಲ: ಗುಂಡುಸೂಜಿ ತುಕ್ಕು ಹಿಡಿದು ಹಾಳೆ ತಿನ್ನುತ್ತದೆ, ಬೂಸ್ಟು ಹರಡುತ್ತದೆ. ಸೂಜಿ ತೆಗೆದು ಹಸ್ತಪ್ರತಿಗಳನ್ನು ಫ್ಯಾನ್ ಗಾಳಿಗೆ ಆರಿಸಿ. ಬಿಸಿಲಿಗಿಟ್ಟರೆ ಶಾಯಿ ಮಾಸುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಮತ್ತೆ ಬಿಡಿಸಲಾಗದು. ಪತ್ರಗಳನ್ನು 300, ಫೋಟೋಗಳನ್ನು 600 ಡಿಪಿಐಯಲ್ಲಿ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸ್ಕ್ಯಾನ್ ಮಾಡಿ. ಗುಂಪು ಫೋಟೋದಲ್ಲಿ ಯಾರ್ಯಾರಿದ್ದಾರೆಂದು ಹಿರಿಯರಿರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಬರೆದಿಡಿ.

ಹೆಚ್ಚು ತಪ್ಪುವುದು ಹುಟ್ಟಿದ ತಾರೀಕು. ಹಿಂದೆ ಶಾಲೆಗೆ ಸೇರಿಸುವಾಗ ಅಂದಾಜಿನ ದಿನ ಬರೆಸುವುದಿತ್ತು. ಅಂಕಪಟ್ಟಿಯನ್ನು ಜಾತಕದೊಂದಿಗೆ ತಾಳೆ ನೋಡಿ. ಬೇರೆಯಾದರೆ ಎರಡನ್ನೂ ಕೊಡಿ. ವರ್ಗಾವಣೆಗಳಿಗೆ ಸೇವಾ ಪುಸ್ತಕವೇ (ನೌಕರಿಯ ಅಧಿಕೃತ ದಾಖಲೆ) ಆಧಾರ.

ಲೇಖನ ಕೇಳುವಾಗ "ನಾಲ್ಕು ಮಾತು ಬರೆಯಿರಿ" ಎಂದರೆ ಬರೀ ಹೊಗಳಿಕೆ ಬರುತ್ತದೆ. ಒಂದು ತರಗತಿ, ಒಂದು ರಕ್ತದಾನ ಶಿಬಿರ, ಒಂದು ಯಕ್ಷಗಾನದ ರಾತ್ರಿ, ಹೀಗೆ ಒಂದೇ ಘಟನೆ, 300 ಪದ ಎಂದು ಗೆರೆ ಹಾಕಿ ಹೇಳಿ. ಶಾಲೆಯ ಬಿಸಿಯೂಟದ ಅಕ್ಕನನ್ನು ಮರೆಯಬೇಡಿ. ಅವರು ತುಳುವಿನಲ್ಲೇ ಮಾತಾಡಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

ಮುದ್ರಣದ ದೊಡ್ಡ ಹಾಳೆ ಮಡಚಿದಾಗ ಸಾಮಾನ್ಯವಾಗಿ 16 ಪುಟವಾಗುವುದರಿಂದ ಪುಟಗಳು 16ರ ಲೆಕ್ಕದಲ್ಲಿರಲಿ, 48 ಅಥವಾ 64. ಒಂದು ಪ್ರತಿಯನ್ನು ಉಡುಪಿಯ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಕೊಡಿ.