ಚೀಟಿ ಓದಿ ಕೊಂಡ ಗೇಮಿಂಗ್ ಪಿಸಿ

"ಐ7 ಐತ್ರೀ. ಗೇಮಿಂಗ್ ಮಷಿನ್. 28 ಸಾವಿರಕ್ಕ ಕೊಡ್ತೀನಿ, ಮನೀಗೆ ಒಯ್ದು ಪ್ಲಗ್ ಹಾಕೋದಷ್ಟ."

2023ರ ಜುಲೈ. ಹುಬ್ಬಳ್ಳಿಯಲ್ಲಿ ಜಿಟಿಜಿಟಿ ಮಳೆ, ಅಂಗಡಿಯೊಳಗೆ ಕೆಂಪು-ನೀಲಿ ಲೈಟು ಮಿನುಗುವ ಕ್ಯಾಬಿನೆಟ್. ಇಂಜಿನಿಯರಿಂಗ್ ಎರಡನೇ ವರ್ಷದ ನನ್ನ ತಮ್ಮ ಅದರ ಮೇಲಿಂದ ಕಣ್ಣು ಕೀಳಲಿಲ್ಲ.

"ಯಾವ ಜನರೇಶನ್ ರೀ ಅಣ್ಣಾರ?"

"ಐ7 ಅಂದ್ರ ಐ7 ರೀ."

ಆನ್ ಮಾಡಿಸಿ ನೋಡಿದೆ: ಐ7-3770. ಇಂಟೆಲ್‌ನ ಮೂರನೇ ಜನರೇಶನ್ನಿನ, 2012ರ ಪ್ರೊಸೆಸರ್ ಚಿಪ್, ಡಿಡಿಆರ್3 ರ‍್ಯಾಮ್, ಕಂಪನಿಯ ಹೆಸರೇ ಇಲ್ಲದ ಎಚ್61 ಮದರ್‌ಬೋರ್ಡ್. ಅದಕ್ಕಿರುವುದು ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). 2022ರ ಐ3-12100ಎಫ್‌ನಲ್ಲೂ ಅಷ್ಟೇ ಇವೆ. ಆದರೆ ಹತ್ತು ವರ್ಷ ಈಚಿನ ಕೋರ್‌ಗಳಾದ್ದರಿಂದ ಗೇಮ್‌ನಲ್ಲಿ ಆ ಐ3 ಈ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಮೇಲಾಗಿ ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದೇ ಬೇಕು. ತಮ್ಮನ ರಟ್ಟೆ ಹಿಡಿದು ಹೊರಗೆ ಕರೆತಂದೆ. ಚಿಗರಿ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅವನು ಮಾತಾಡಲಿಲ್ಲ.

ನಮ್ಮ ಕೈಯಲ್ಲಿದ್ದದ್ದು 55 ಸಾವಿರ. ಮಾನಿಟರ್ ಮನೆಯಲ್ಲೇ ಇತ್ತು: 1080ಪಿ, 75 ಹರ್ಟ್ಸ್. ಸೆಕೆಂಡಿಗೆ 75 ಫ್ರೇಮ್ ತೋರಿಸುವ ಪರದೆಗೆ 150 ಫ್ರೇಮ್ ಹೊಡೆಯುವ ಗ್ರಾಫಿಕ್ ಕಾರ್ಡು ಯಾತಕ್ಕೆ? ಅಲ್ಲಿಂದಲೇ ಲೆಕ್ಕ ಶುರು ಮಾಡಿದೆ. ಜಿಟಿಎಕ್ಸ್ 1650 ಸೋವಿ, ಆದರೆ 4 ಜಿಬಿ ಮೆಮೊರಿ ಹೊಸ ಗೇಮ್‌ಗಳಿಗೆ ಸಾಲುತ್ತಿರಲಿಲ್ಲ. ತಮ್ಮ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ತೋರಿಸಿದ, ಏಳೆಂಟು ಸಾವಿರಕ್ಕೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ ಗ್ರಾಫಿಕ್ ಕಾರ್ಡಿನಿಂದ ಅದನ್ನು ಮೈನಿಂಗ್ ಮಾಡುವುದೇ (ಕಾರ್ಡು ದುಡಿಸಿ ನಾಣ್ಯ ಗಳಿಸುವುದೇ) ನಿಂತಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಒರೆಸಿಕೊಂಡು ಮಾರುಕಟ್ಟೆಗೆ ಬಂದಿದ್ದವು. ಎಲ್ಲವೂ ಕೆಟ್ಟವೇನಲ್ಲ. ಆದರೆ ವಾರಂಟಿ ಇಲ್ಲದ್ದು ಕೈಕೊಟ್ಟರೆ ಯಾರನ್ನು ಕೇಳೋಣ? ಹೊಸ ಆರ್‌ಎಕ್ಸ್ 6600ಕ್ಕೆ ಸುಮಾರು 21 ಸಾವಿರ ಕೊಟ್ಟೆ. 8 ಜಿಬಿ ಮೆಮೊರಿ, ಬಳಸುವುದು 132 ವ್ಯಾಟ್.

ಪ್ರೊಸೆಸರ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ರೈಜೆನ್ 5 5600: ಆರು ಕೋರ್, ಕೂಲರ್ ಪೆಟ್ಟಿಗೆಯಲ್ಲೇ ಬರುತ್ತದೆ, 12 ಸಾವಿರ. 8 ಜಿಬಿಯ ಎರಡು ರ‍್ಯಾಮ್ ಕಡ್ಡಿ 3,300 (ಈಗ ಆ ಬೆಲೆ ಮರೆತುಬಿಡಿ), 1 ಟಿಬಿ ಎಸ್‌ಎಸ್‌ಡಿ 4 ಸಾವಿರ. ಒಂದೇ 16 ಜಿಬಿ ಕಡ್ಡಿ ಬೇಡವೆಂದೆ. ಎರಡಿದ್ದರೆ ಒಟ್ಟಿಗೇ ಡೇಟಾ ಸಾಗಿಸುವ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತವೆ.

ಜಗಳ ಆದದ್ದು ಪಿಸಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ವಿಷಯಕ್ಕೆ. ಎರಡನೇ ಅಂಗಡಿಯವರು ಕ್ಯಾಬಿನೆಟ್ ಜೊತೆಗೇ ಬರುವ "450 ವ್ಯಾಟ್" ಡಬ್ಬಿ ತೋರಿಸಿದರು. ತಿರುಗಿಸಿ ಚೀಟಿ ಓದಿದೆ. 12 ವೋಲ್ಟ್ ಸಾಲಿನಲ್ಲಿ 18 ಆಂಪಿಯರ್, ಅಂದರೆ 216 ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ಎಳೆಯುವುದು ಆ ಸಾಲಿನಿಂದಲೇ. ಎರಡೂ ಸೇರಿ 200 ದಾಟುತ್ತವೆ. ಫ್ಯಾನು, ಎಸ್‌ಎಸ್‌ಡಿ, ಬೋರ್ಡು ಏನು ಉಪವಾಸ ಇರಬೇಕೆ? ಕಾರ್ಡಿಗೆ ಬೇಕಾದ 8 ಪಿನ್ ವೈರೂ ಅದರಲ್ಲಿರಲಿಲ್ಲ. "ಕನ್ವರ್ಟರ್ ಹಾಕಿ ಕೊಡ್ತೀನ್ರೀ" ಅಂದರು. ಬೇಡವೆಂದು 550 ವ್ಯಾಟಿನ ಬೇರೆಯದನ್ನು 4 ಸಾವಿರಕ್ಕೆ ಕೊಂಡೆ: 12 ವೋಲ್ಟಿನಲ್ಲಿ 45 ಆಂಪಿಯರ್, ಐದು ವರ್ಷದ ವಾರಂಟಿ. 80 ಪ್ಲಸ್ ಬ್ರಾಂಜ್ ಮುದ್ರೆಯೂ ಇತ್ತು, ಆದರೆ ಅದು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದಕ್ಕೆ ಮಾತ್ರ, ಬಾಳಿಕೆಗೆ ಅಲ್ಲ. ಜಾಳಿಗೆ ಮುಖದ ಸಾದಾ ಕ್ಯಾಬಿನೆಟ್‌ಗೆ 3 ಸಾವಿರ ಆಯಿತು. ಅಪ್ಪ ನೋಡಿ, "ಇದರಾಗ ಬಣ್ಣದ ಲೈಟ್ ಇಲ್ಲೇನೊ?" ಅಂದರು. ತಮ್ಮ ನನ್ನ ಮುಖ ನೋಡಿದ.

ಬಿ450 ಬೋರ್ಡ್ ಕೊಳ್ಳುವಾಗ ನಾನೇ ಎಡವಿದೆ. 2018ರ ಚಿಪ್‌ಸೆಟ್ ಅದು. 5000 ಸರಣಿಯ ರೈಜೆನ್ ಗುರುತಿಸಲು ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ, ಅಂದರೆ ಬಯೋಸ್, ಹೊಸದಿರಬೇಕು. ಆ ಸರಣಿಗೆ ಸಿದ್ಧವಿದೆ ಎಂಬ ಚೀಟಿ ಎಷ್ಟೋ ಪೆಟ್ಟಿಗೆಗಳ ಮೇಲೆ ಇರುತ್ತದೆ, ನಮ್ಮದರ ಮೇಲೆ ಇರಲಿಲ್ಲ. ಗೊತ್ತಿದ್ದೂ 7 ಸಾವಿರಕ್ಕೆ ಸಿಕ್ಕಿತೆಂದು ತಂದೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಜೋಡಿಸಿ ಬಟನ್ ಒತ್ತಿದರೆ ಫ್ಯಾನು ತಿರುಗುತ್ತಿದೆ, ಪರದೆ ಕಪ್ಪು. "ಅಣ್ಣಾ, ಸುಟ್ಟೀತೇನೊ?" ಸುಟ್ಟಿರಲಿಲ್ಲ. ಮರುದಿನ ಅಂಗಡಿಗೆ ಒಯ್ದು, ಹಳೇ ಪ್ರೊಸೆಸರ್ ಕೂರಿಸಿ ಬಯೋಸ್ ಅಪ್‌ಡೇಟ್ ಮಾಡಿಸಿಕೊಂಡು ಬಂದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿಯನ್ನೂ ಆನ್ ಮಾಡಿದೆ. ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್ ಅದು. ಅಲ್ಲಿಯವರೆಗೆ 3200ರ ರ‍್ಯಾಮ್ 2666ರಲ್ಲೇ ಓಡುತ್ತಿತ್ತು.

ಒಟ್ಟು 54,300. ಏಳುನೂರು ಉಳಿಯಿತೆಂದು ಗಿರಮಿಟ್ಟು, ಮಿರ್ಚಿ ತಿಂದೆವು.

ಉಳಿತಾಯ ಒಂದು ವಾರವೂ ನಿಲ್ಲಲಿಲ್ಲ. ಗೇಮಿನ ನಡುವೆ ಕರೆಂಟು ಹೋಯಿತು, ಮನೆಯಲ್ಲೇ ಇದ್ದ ಯುಪಿಎಸ್ ಒಮ್ಮೆ ಕೀಂ ಎಂದಿತು, ಪಿಸಿ ಬಂದ್. ಬರೀ ಬ್ರೌಸರ್ ತೆರೆದಿದ್ದಾಗ ಇದೇ ಯುಪಿಎಸ್ ಐದು ನಿಮಿಷ ತಡೆದಿತ್ತು. ಅದರ ಹಿಂಬದಿಯ ಚೀಟಿಯಲ್ಲಿ 600 ವಿಎ, 360 ವ್ಯಾಟ್ ಎಂದಿದೆ. ಮಾನಿಟರ್ ಸೇರಿದರೂ ನಮ್ಮದು 300 ದಾಟುವುದಿಲ್ಲ. ಕೊನೆಗೆ ಸ್ಕ್ರೂ ಬಿಚ್ಚಿ ಬ್ಯಾಟರಿ ಹೊರಗೆ ತೆಗೆದಾಗ ಅದರ ಮೇಲೂ ಒಂದು ಚೀಟಿ ಸಿಕ್ಕಿತು: ತಯಾರಾದದ್ದು 2019. ಅದೊಂದನ್ನು ನಾನು ಓದಿರಲಿಲ್ಲ.

1000 ವಿಎ, 600 ವ್ಯಾಟಿನ ಹೊಸದು ತಂದೆ. ಪಟ್ಟಿಯಲ್ಲೇ ಇಲ್ಲದ ಖರ್ಚು ಅದು. ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿ ವೈಫೈ ರೂಟರ್‌ಗೆ ಕೊಟ್ಟಿದ್ದೇನೆ.